ಹಸಿವಿನ ಮಾತ್ರೆಯೂ ಮುಚ್ಚಿಟ್ಟ ತೊಂದರೆಯೂ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಆಗಿದ್ದ, ಐವತ್ತು ದಾಟಿದ ಈ ವ್ಯಕ್ತಿಯನ್ನು ಹಾಸನದ ನನ್ನ ಸಮಾಲೋಚನಾ ಕೊಠಡಿಗೆ ಕರೆತಂದವರು ಅವರ ಪತ್ನಿ. ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದ್ದಾಗ ಊಟ ಸೇರದೆ ತೂಕ ಇಳಿಯತೊಡಗಿದ್ದರಿಂದ ವೈದ್ಯರು ಮೆಜೆಸ್ಟ್ರೋಲ್ ಅಸಿಟೇಟ್ ಎಂಬ ಹಸಿವು ಹೆಚ್ಚಿಸುವ ಮಾತ್ರೆ ಬರೆದುಕೊಟ್ಟಿದ್ದರು. ಒಂದು ಅಕ್ಕಿ ರೊಟ್ಟಿಯನ್ನೂ ಮುಗಿಸಲಾಗದವರು ಕೆಲವೇ ವಾರಗಳಲ್ಲಿ ಎರಡು ತಿಂದು ಮತ್ತೊಂದು ಕೇಳುವಂತಾದರು. ಪತ್ನಿಯ ದೂರು ಬೇರೆಯೇ ಇತ್ತು: "ಇವ್ರು ನನ್ನ ಹತ್ರ ಸರಿಯಾಗಿ ಮಾತೇ ಆಡಲ್ಲ ಮೇಡಂ. ಹಾಲ್‌ನಲ್ಲೇ ಹಾಸ್ಕೊಂಡು ಮಲಗ್ತಾರೆ."

ಪ್ರತ್ಯೇಕವಾಗಿ ಮಾತನಾಡಿಸಿದಾಗ, ಲೈಂಗಿಕ ಆಸಕ್ತಿ ಪೂರ್ತಿ ಹೋಗಿದೆಯೆಂದೂ, ನಿಮಿರುವಿಕೆಯೂ ಇಲ್ಲವೆಂದೂ, ರೋಗ ಕೈಮೀರಿರುವುದಕ್ಕೆ ಇದೇ ಗುರುತೆಂದು ತಾವು ತಿಳಿದುಕೊಂಡಿರುವುದಾಗಿಯೂ ಅವರು ತಲೆ ಎತ್ತದೆ ಹೇಳಿದರು. ಮಾತ್ರೆಯ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಹಸಿವು ತರಿಸುವುದನ್ನು ಟಾನಿಕ್ಕಿನ ಲೆಕ್ಕಕ್ಕೆ ಸೇರಿಸುವುದು ನಮ್ಮಲ್ಲಿ ರೂಢಿ.

ಮೆಜೆಸ್ಟ್ರೋಲ್ ಹೆಣ್ಣಿನ ಹಾರ್ಮೋನುಗಳಲ್ಲೊಂದಾದ ಪ್ರೊಜೆಸ್ಟರಾನನ್ನು ಹೋಲುವ ಕೃತಕ ಔಷಧ. ವೃಷಣಗಳಿಗೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಸೂಚನೆಯನ್ನು ಅದು ತಗ್ಗಿಸುವುದರಿಂದ ಗಂಡಸರಲ್ಲಿ ಲೈಂಗಿಕ ಆಸಕ್ತಿಗೆ ಬೇಕಾದ ಟೆಸ್ಟೋಸ್ಟಿರಾನ್ ಹಾರ್ಮೋನ್ ಇಳಿಯುತ್ತದೆ. ಕ್ಯಾನ್ಸರ್, ಅದರ ಚಿಕಿತ್ಸೆ, ಮನಸ್ಸಿನ ಕುಗ್ಗುವಿಕೆ ಇವುಗಳಿಂದಲೂ ಇದೇ ತೊಂದರೆ ಬರಬಹುದಾದ್ದರಿಂದ, ಮಾತ್ರೆಯೂ ಕಾರಣವಾಗಿರಬಹುದು ಎಂದಷ್ಟೇ ಹೇಳಿದೆ.

"ಹಾಗಾದ್ರೆ ಇವತ್ತಿಂದಲೇ ನಿಲ್ಲಿಸಿಬಿಡ್ತೀನಿ" ಎಂದು ಅವರು ಜೇಬಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ನನಗೆ ಹೆಚ್ಚು ಆತಂಕವಾದದ್ದು ಆಗಲೇ. ಈ ಔಷಧಕ್ಕೆ ಸ್ಟಿರಾಯ್ಡಿನಂಥ ಗುಣವೂ ಇರುವುದರಿಂದ, ಬಹುಕಾಲ ಸೇವಿಸಿದವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಅತ್ಯಗತ್ಯವಾದ ಕಾರ್ಟಿಸಾಲ್ ಹಾರ್ಮೋನನ್ನು ತಯಾರಿಸುವುದನ್ನು ಕಡಿಮೆ ಮಾಡಿರಬಹುದು. ಥಟ್ಟನೆ ನಿಲ್ಲಿಸಿದರೆ ವಿಪರೀತ ಸುಸ್ತು, ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು; ಈ ಲಕ್ಷಣಗಳನ್ನು ಮನೆಯವರು ಕ್ಯಾನ್ಸರಿನದೇ ಎಂದು ತಿಳಿದು ಸುಮ್ಮನಿರುವ ಸಂಭವವೂ ಇದೆ. ಸ್ಟ್ರಿಪ್ಪನ್ನು ಅವರ ಕೈಗೇ ಮರಳಿಸಿ, ವೈದ್ಯರನ್ನು ಕಾಣುವವರೆಗೂ ಒಂದು ಹೊತ್ತೂ ತಪ್ಪಿಸಬಾರದೆಂದು ಹೇಳಿದೆ.

ಅವರ ಒಪ್ಪಿಗೆ ಪಡೆದು ಪತ್ನಿಯನ್ನು ಒಳಗೆ ಕರೆದು ವಿಷಯ ತಿಳಿಸಿದೆ. ತನ್ನನ್ನು ಕಂಡರೆ ಅವರಿಗೆ ಬೇಸರವೆಂದುಕೊಂಡಿದ್ದ ಆಕೆ ಸ್ವಲ್ಪ ಹೊತ್ತು ಅತ್ತರು. ವೈದ್ಯರೆದುರು ಹೇಳಲು ನಾಚಿಕೆಯಾದರೆ ಕೊಡಲೆಂದು ಒಂದು ಚೀಟಿ ಬರೆದುಕೊಟ್ಟೆ: ಲೈಂಗಿಕ ತೊಂದರೆ, ಮಾತ್ರೆ ಆರಂಭಿಸಿದ ತಿಂಗಳು, ಬೆಳಗಿನ ಕಾರ್ಟಿಸಾಲ್, ಟೆಸ್ಟೋಸ್ಟಿರಾನ್, ಸಕ್ಕರೆ ಪರೀಕ್ಷೆಗಳು ಬೇಕೇ ಎಂಬ ಪ್ರಶ್ನೆ. ಈ ಔಷಧದಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುವುದರಿಂದ, ಒಂದೇ ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದೂ ಸೂಚಿಸಿದೆ. ಏರಿದ ತೂಕದಲ್ಲಿ ಹೆಚ್ಚಿನದು ಕೊಬ್ಬೇ ಹೊರತು ಸ್ನಾಯುವಲ್ಲ ಎಂಬುದೂ ಅವರಿಗೆ ಹೊಸ ವಿಷಯವಾಗಿತ್ತು.

ವರದಿಗಳನ್ನು ನೋಡಿದ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಆ ಅವಧಿಗೆ ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಕೊಟ್ಟರು. ಹಸಿವು ಮತ್ತೆ ಸ್ವಲ್ಪ ತಗ್ಗಿದೆ. ಆಸಕ್ತಿ ಪೂರ್ತಿ ಮರಳಿಲ್ಲ, ಆದರೆ ಹಾಸಿಗೆ ಹಾಲ್‌ನಿಂದ ಒಳಗೆ ಬಂದಿದೆ. ಉಳಿದ ಮಾತ್ರೆಗಳನ್ನು ತೆಳ್ಳಗಿರುವ ಮಗಳಿಗೆ ಕೊಡಬಹುದೇ ಎಂದು ಪತ್ನಿ ಹೋದ ಸಲ ಕೇಳಿದರು. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುತ್ತದೆ, ಗರ್ಭ ನಿಂತಿದ್ದರೆ ಮಗುವಿಗೂ ಹಾನಿಯಾಗಬಹುದು, ಆದ್ದರಿಂದ ಒಂದನ್ನೂ ಕೊಡಬೇಡಿ, ಆಸ್ಪತ್ರೆಯ ಔಷಧಾಲಯಕ್ಕೆ ಹಿಂದಿರುಗಿಸಿ ಎಂದೆ.