ಮೇಷ್ಟ್ರ ಸಂಬಳಕ್ಕೆ ಜಮೀನು: ಜಸ್ಟಿನ್ ಮಾರಿಲ್ ಹಾಕಿದ ಲೆಕ್ಕ

ಪ್ರಶ್ನೆ: ಅಮೆರಿಕದ 'ಲ್ಯಾಂಡ್ ಗ್ರಾಂಟ್' ಕೃಷಿ ಕಾಲೇಜುಗಳ ಹಿಂದಿದ್ದ ಜಸ್ಟಿನ್ ಮಾರಿಲ್ ಯಾರು? ಸರ್ಕಾರ ಬರೀ ಜಮೀನು ಕೊಟ್ಟರೆ ಕಾಲೇಜು ನಡೆಯುವುದು ಹೇಗೆ?

ಉತ್ತರ: ಮಾರಿಲ್ 1810ರಲ್ಲಿ ವರ್ಮಾಂಟ್ ರಾಜ್ಯದ ಸ್ಟ್ರಾಫರ್ಡ್‌ನಲ್ಲಿ ಹುಟ್ಟಿದರು. ತಂದೆ ಕಮ್ಮಾರ. ಹದಿನೈದಕ್ಕೇ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದರು. ನಲವತ್ತು ತುಂಬುವ ಮೊದಲೇ ವ್ಯಾಪಾರದಿಂದ ನಿವೃತ್ತರಾಗಿ ಹೊಲ-ತೋಟ ಹಿಡಿದರು. 1855ರಿಂದ 1898ರಲ್ಲಿ ತೀರಿಕೊಳ್ಳುವವರೆಗೆ ಸಂಸತ್ತಿನಲ್ಲಿದ್ದರು: ಹನ್ನೆರಡು ವರ್ಷ ಕೆಳಮನೆ, ಉಳಿದದ್ದು ಸೆನೆಟ್. ಇಂಥ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಡಲು 1857ರಲ್ಲಿ ಅವರು ತಂದ ಮಸೂದೆಯನ್ನು ಅಧ್ಯಕ್ಷ ಬುಕಾನನ್ 1859ರಲ್ಲಿ ವಾಪಸ್ ಕಳಿಸಿದರು. ಮತ್ತೆ ತಂದಾಗ 1862ರ ಜುಲೈ 2ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದರು.

ಕೊಟ್ಟ ಜಮೀನು ಕಾಲೇಜು ಕಟ್ಟಲಿಕ್ಕಲ್ಲ, ಮಾರಲಿಕ್ಕೆ. ಪ್ರತಿ ಸೆನೆಟರ್‌ಗೆ, ಪ್ರತಿ ಕೆಳಮನೆ ಸದಸ್ಯನಿಗೆ 30,000 ಎಕರೆಯಂತೆ ರಾಜ್ಯದ ಪಾಲು. ಮಾರಿ ಬಂದ ಹಣವನ್ನು ಕನಿಷ್ಠ ಶೇ 5ರ ಬಡ್ಡಿ ತರುವ ಸಾಲಪತ್ರಗಳಲ್ಲಿ ಇಡಬೇಕಿತ್ತು. ಅಸಲು ಮುಟ್ಟುವಂತಿಲ್ಲ, ಕರಗಿದರೆ ರಾಜ್ಯವೇ ತುಂಬಬೇಕು. ನಿವೇಶನಕ್ಕೆ, ಪ್ರಯೋಗದ ಹೊಲಕ್ಕೆ ಶೇ 10 ಮಾತ್ರ ತೆಗೆಯಬಹುದು. ಕಟ್ಟಡಕ್ಕೆ, ಅದರ ರಿಪೇರಿಗೆ ಒಂದು ಕಾಸೂ ಇಲ್ಲ. ಈ ಕಟ್ಟುನಿಟ್ಟೇ ಕಾಯ್ದೆಯ ಜೀವಾಳ. ಹಣವೆಲ್ಲ ಇಟ್ಟಿಗೆ-ಗಾರೆಗೆ ಹೋಗದೆ ಪಾಠಕ್ಕೆ ಉಳಿಯಿತು.

ಎಡವಟ್ಟಾದದ್ದು ಮಾರಾಟದಲ್ಲಿ. ತಮ್ಮ ಗಡಿಯೊಳಗೆ ಸರ್ಕಾರಿ ಜಮೀನಿಲ್ಲದ ಪೂರ್ವದ ರಾಜ್ಯಗಳಿಗೆ ಸಿಕ್ಕಿದ್ದು 'ಸ್ಕ್ರಿಪ್' ಎಂಬ ಹಕ್ಕುಪತ್ರ. ಅದನ್ನು ಹಿಡಿದು ಬೇರೆ ರಾಜ್ಯದಲ್ಲಿ ತಾವೇ ಜಮೀನು ಪಡೆಯುವಂತಿರಲಿಲ್ಲ, ಮಾರಲೇಬೇಕಿತ್ತು. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಎಕರೆಗೆ ಒಂದೂಕಾಲು ಡಾಲರ್ ಸರ್ಕಾರಿ ಬೆಲೆಯ ಜಮೀನಿನ ಪತ್ರ ಅರ್ಧಕ್ಕೂ ಕೆಳಗಿಳಿಯಿತು. ನ್ಯೂಯಾರ್ಕ್‌ನಲ್ಲಿ ಉದ್ಯಮಿ ಎಜ್ರಾ ಕಾರ್ನೆಲ್ ಪತ್ರಗಳನ್ನು ತಾವೇ ಕೊಂಡು, ವಿಸ್ಕಾನ್ಸಿನ್‌ನ ಪೈನ್ ಕಾಡು ಆರಿಸಿ, ದರ ಏರುವವರೆಗೆ ಉಳಿಸಿಕೊಂಡದ್ದರಿಂದ ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ದೊಡ್ಡ ನಿಧಿ ಬಂತು. ಆದರೆ ಇಂಥ ಜಮೀನೆಲ್ಲ ಮೂಲನಿವಾಸಿಗಳಿಂದ ಒಪ್ಪಂದದ ಹೆಸರಿನಲ್ಲೋ ಬಲವಂತದಿಂದಲೋ ಕಿತ್ತುಕೊಂಡದ್ದು; ಇದನ್ನು ಬಿಟ್ಟು ಮಾರಿಲ್‌ರನ್ನು ಹೊಗಳುವುದು ಅರ್ಧ ಸತ್ಯ.

ನಮ್ಮಲ್ಲಿ 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೂ ಈ ಲ್ಯಾಂಡ್ ಗ್ರಾಂಟ್ ಕಾಲೇಜುಗಳೇ ಮಾದರಿ. ನೆರವಿಗೆ ಬಂದದ್ದು ಟೆನೆಸೀ ವಿಶ್ವವಿದ್ಯಾಲಯ.

ಬಡ್ಡಿ ಸಾಲದೆಂದು ಮಾರಿಲ್ 1890ರಲ್ಲಿ ಎರಡನೇ ಕಾಯ್ದೆ ತಂದರು. ಈ ಸಲ ನೇರ ನಗದು: ರಾಜ್ಯಕ್ಕೆ ಮೊದಲ ವರ್ಷ 15,000 ಡಾಲರ್, ವರ್ಷಕ್ಕೆ ಸಾವಿರದಂತೆ ಏರಿ 25,000. ಪ್ರವೇಶದಲ್ಲಿ ಜನಾಂಗಭೇದ ಮಾಡುವ ರಾಜ್ಯ ಕಪ್ಪು ಜನರಿಗೆ ಬೇರೆ ಕಾಲೇಜು ತೋರಿಸಿ ಹಣದಲ್ಲಿ ನ್ಯಾಯವಾದ ಪಾಲು ಕೊಡಬೇಕೆಂದು ಷರತ್ತಿತ್ತು. ದಕ್ಷಿಣದ ರಾಜ್ಯಗಳು ಬೇರೆ ಕಾಲೇಜಿನ ದಾರಿಯನ್ನೇ ಹಿಡಿದವು.