ಕುಟುಂಬದ ಹ್ಯಾಚ್‌ಬ್ಯಾಕ್: ಅಂದ, ಭರವಸೆ, ಓಡಿಸುವ ಸುಖ ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ?

ಮನೆಯಲ್ಲಿ ನೀವು, ನಿಮ್ಮ ಪತ್ನಿ, ಎಪ್ಪತ್ತು ದಾಟಿದ ತಂದೆ ಮತ್ತು ಏಳು ವರ್ಷದ ಮಗಳು. ವಾರವೆಲ್ಲ ಬೆಂಗಳೂರಿನ ದಟ್ಟಣೆ, ನಡುನಡುವೆ ಶಿರಾಡಿ ಘಾಟಿ ಇಳಿದು ಪುತ್ತೂರು. ಟಾಟಾ ಆಲ್ಟ್ರೋಜ್ ಕಣ್ಣಿಗೆ ಹಿಡಿಸಿದೆ, ಮಾರುತಿ ಬಲೆನೊ ಬುದ್ಧಿಗೆ ಒಪ್ಪಿದೆ, ಹ್ಯುಂಡೈ ಐ20 ಎನ್ ಲೈನ್ ಓಡಿಸಿದ ಮೇಲೆ ಮನಸ್ಸು ಅಲ್ಲೇ ನಿಂತಿದೆ. ಯಾವುದನ್ನು ಕೊಳ್ಳಲಿ ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ, ಮನೆಮಂದಿಗಾಗಿ ಕೊಳ್ಳುವ ಕಾರಿನಲ್ಲಿ ಓಡಿಸುವ ಸುಖ ಹುಡುಕುವುದು ಸ್ವಾರ್ಥವಲ್ಲವೇ ಎಂದೂ ಕೇಳಿದ್ದೀರಿ. ಉತ್ತರವನ್ನು ಆ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಅದು ಸ್ವಾರ್ಥವಲ್ಲ. ಚೆನ್ನಾಗಿ ಓಡುವ ಕಾರಿನ ಲಾಭ ಮೊದಲು ಸಿಗುವುದು ಹಿಂದಿನ ಸೀಟಿನಲ್ಲಿ ಕುಳಿತವರಿಗೆ. ಸಕಲೇಶಪುರ ದಾಟಿ ತಿರುವುಗಳು ಶುರುವಾದಾಗ ಮಕ್ಕಳಿಗೆ ಹೊಟ್ಟೆ ತೊಳೆಸುವುದು ಏಕೆ? ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟವನ್ನು ಗ್ರಹಿಸುತ್ತದೆ, ಆದರೆ ಕಣ್ಣಿಗೆ ಕಾಣುವುದು ಅಲುಗಾಡದ ಮುಂದಿನ ಸೀಟಿನ ಬೆನ್ನು. ಈ ಎರಡರ ತಾಳ ತಪ್ಪಿದಾಗ ವಾಕರಿಕೆ ಬರುತ್ತದೆ. ತಿರುವಿನಲ್ಲಿ ಕಾರು ಹೆಚ್ಚು ವಾಲಿದರೆ, ಎಕ್ಸಲರೇಟರ್ ಮುಟ್ಟಿದೊಡನೆ ಜಿಗಿದರೆ, ಬ್ರೇಕ್ ಒಮ್ಮೆಗೇ ಕಚ್ಚಿದರೆ ಅದು ಇನ್ನೂ ಹೆಚ್ಚುತ್ತದೆ. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುವ, ವಾಲಿದರೂ ನಿಧಾನವಾಗಿ ವಾಲಿ ಅಲ್ಲಿಯೇ ನಿಲ್ಲುವ, ಒತ್ತಿದಷ್ಟೇ ಬ್ರೇಕ್ ಹಿಡಿಯುವ ಕಾರು ಚಾಲಕನಿಗೂ ಹಿತ, ಮಗುವಿಗೂ ಹಿತ. ನಮ್ಮ ಮನೆಯಲ್ಲೂ ಘಾಟಿ ಎಂದರೆ ಮುಖ ಕಪ್ಪಿಡುತ್ತಿದ್ದ ಮಗುವಿತ್ತು. ಕಾರು ಬದಲಾಯಿಸಿದ ಮೇಲೆ ಅದೇ ದಾರಿಯಲ್ಲಿ ಹಾಡುತ್ತಾ ಬರುವುದನ್ನು ನೋಡಿದ್ದೇನೆ. ಆದ್ದರಿಂದ ಈ ಸುಖದ ಬಗ್ಗೆ ನಾಚಿಕೆ ಬೇಡ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಸರಿಯಾಗಿ ನೋಡಬೇಕು.

ಬಹಳ ಮಂದಿ ಅದನ್ನು ಅಶ್ವಶಕ್ತಿಯಲ್ಲಿ ಹುಡುಕುತ್ತಾರೆ. ಐ20 ಎನ್ ಲೈನ್‌ನ 1 ಲೀಟರ್ ಟರ್ಬೊ ಎಂಜಿನ್ 120 ಪಿಎಸ್ ಕೊಡುತ್ತದೆ. ಆದರೆ ಘಾಟಿಯಲ್ಲಿ ಅದರ ನಿಜವಾದ ಬಲ ಇರುವುದು 1,500 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗಲೇ) ಸಿಗುವ 172 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ. ಲಾರಿಯ ಹಿಂದೆ ತೆವಳಿ, ದಾರಿ ತೆರೆದಾಗ ಗೇರು ಇಳಿಸದೆಯೇ ಮುಂದೆ ಸಾಗಬಹುದು. ಬಲೆನೊದ 1.2 ಲೀಟರ್ ಎಂಜಿನ್‌ನಲ್ಲಿ 90 ಪಿಎಸ್ ಇದೆ, ಟಾರ್ಕ್ 113 ಮಾತ್ರ, ಅದೂ ಪೂರ್ತಿ ಸಿಗುವುದು 4,400ರ ಹತ್ತಿರ. ನಾಲ್ವರು ಕುಳಿತು, ಎ.ಸಿ. ಹಾಕಿ ಶಿರಾಡಿ ಏರುವಾಗ ಎರಡನೇ ಗೇರಿಗೆ ಮತ್ತೆ ಮತ್ತೆ ಇಳಿಯಬೇಕಾಗುತ್ತದೆ. ಆದರೂ ಅದರ ತೂಕ ಒಂದು ಟನ್ನಿಗಿಂತ ಕಡಿಮೆ, ನಾಲ್ಕು ಸಿಲಿಂಡರಿನ ಎಂಜಿನ್ ನಯ, ಕ್ಲಚ್ ಹಗುರ. ಗೇರು ಬದಲಾಯಿಸುವುದು ನಿಮಗೆ ಕೆಲಸವೆನಿಸದಿದ್ದರೆ ಅದರಲ್ಲೂ ಉಲ್ಲಾಸವಿದೆ. ಸ್ಟೀರಿಂಗ್ ಮಾತ್ರ ಹಗುರಾದರೂ ರಸ್ತೆಯ ಸುಳಿವನ್ನು ಕೈಗೆ ಅಷ್ಟಾಗಿ ತಿಳಿಸುವುದಿಲ್ಲ. ಈ ವಿಷಯದಲ್ಲಿ ಆಲ್ಟ್ರೋಜ್ ಮೇಲು, ಹೆದ್ದಾರಿಯಲ್ಲಿ ಅದು ನೆಲ ಕಚ್ಚಿಕೊಂಡು ಹೋಗುತ್ತದೆ. ಎನ್ ಲೈನ್‌ನ ಸಸ್ಪೆನ್ಷನ್ ಸಾಮಾನ್ಯ ಐ20ಗಿಂತ ಬಿಗಿ. ತಿರುವಿನಲ್ಲಿ ಅದು ವರ, ಬೆಂಗಳೂರಿನ ಗುಂಡಿಗಳಲ್ಲಿ ನಿಮ್ಮ ತಂದೆಯ ಸೊಂಟಕ್ಕೆ ಅಷ್ಟು ಒಳ್ಳೆಯದಲ್ಲ.

ನೀವು ಹೆಸರಿಸದ ಸ್ವಿಫ್ಟ್ ಓಡಿಸಲು ಇವೆಲ್ಲಕ್ಕಿಂತ ಚುರುಕು ಎನ್ನುವವರಿದ್ದಾರೆ. ನಾನೂ ಒಪ್ಪುತ್ತೇನೆ. ಆದರೆ ಡಿಕ್ಕಿ 265 ಲೀಟರ್ ಅಷ್ಟೇ, ಬಲೆನೊದಲ್ಲಿ 318, ಆಲ್ಟ್ರೋಜ್‌ನಲ್ಲಿ 345. ಊರಿನಿಂದ ತೆಂಗಿನಕಾಯಿ, ಅಕ್ಕಿ, ಹಲಸು ತರುವ ಮನೆಗೆ ಅದು ಸಾಲದು.

ಇನ್ನು ಭರವಸೆ. ಇದನ್ನು ಉಳಿದೆರಡರ ಜೊತೆ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಮೊದಲು ಇದರಲ್ಲಿ ತೇರ್ಗಡೆಯಾಗಲಿ, ಆಮೇಲೆ ಉಳಿದ ಮಾತು. ನಡುದಾರಿಯಲ್ಲಿ ನಿಲ್ಲುವ ಕಾರು ಎಷ್ಟು ಚೆಂದವಿದ್ದರೇನು, ಎಷ್ಟು ಚುರುಕಿದ್ದರೇನು? ಹಿಂದೆ ನನ್ನಲ್ಲಿದ್ದ ಒಂದು ಕಾರು ಭಾನುವಾರ ಸಂಜೆ ಗುಂಡ್ಯದ ಬಳಿ ಸೆನ್ಸರ್ ಕೆಟ್ಟು ನಿಂತಿತು. ಅಮ್ಮನನ್ನು ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಿಸಿ, ಟೋಯಿಂಗ್ ವಾಹನಕ್ಕಾಗಿ ರಾತ್ರಿಯವರೆಗೆ ಕಾದೆ. ಆಗಿನಿಂದ ನಾನು ಕಂಪನಿಯ ಹೆಸರಿಗಿಂತ ಮೊದಲು ಗೇರ್‌ಬಾಕ್ಸ್ ಯಾವುದು ಎಂದು ಕೇಳುತ್ತೇನೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಅದಕ್ಕೆ 5 ಗೇರಿನ ಮ್ಯಾನ್ಯುಯಲ್: ಕೆಡುವಂಥ ಭಾಗಗಳು ಕಡಿಮೆ, ಕೆಟ್ಟರೂ ಸಣ್ಣ ಊರಿನ ಮೆಕ್ಯಾನಿಕ್‌ಗೆ ಅರ್ಥವಾಗುವಂಥವು. ಒಣ ಕ್ಲಚ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್‌ಗಳಿಂದ ತಾನೇ ಗೇರು ಬದಲಾಯಿಸುವ, ಎನ್ ಲೈನ್‌ನ ಆಟೊಮ್ಯಾಟಿಕ್‌ನಲ್ಲಿರುವ ಬಗೆ) ಹೆದ್ದಾರಿಯಲ್ಲಿ ಸೊಗಸು, ಆದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ತೆವಳುವಾಗ ಕ್ಲಚ್ ಜಾರುತ್ತಾ ಬಿಸಿಯಾಗುತ್ತದೆ. ಎನ್ ಲೈನ್ ಕೊಳ್ಳುವುದಾದರೆ 6 ಗೇರಿನ ಮ್ಯಾನ್ಯುಯಲ್ಲೇ ಇರಲಿ. ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ನ ಕ್ಲಚ್, ಗೇರುಗಳನ್ನು ಯಂತ್ರವೇ ನಿಭಾಯಿಸುವ ಬಗೆ, ಸರಳವಾದದ್ದೇ, ಆದರೆ ಗೇರು ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ. ಘಾಟಿಯಲ್ಲಿ ಬೇಡದ ಹೊತ್ತಿಗೆ ಗೇರು ಏರುತ್ತದೆ, ಆಗ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಹಿಡಿದಿಡಬೇಕು. ಎಡಗಾಲಿನ ನೋವಿಗಾಗಿ ಆಟೊಮ್ಯಾಟಿಕ್ ಬೇಕೇಬೇಕು ಎಂದಾದರೆ ಸಾಮಾನ್ಯ ಐ20ಯ ಐವಿಟಿ (ಗೇರಿನ ಹಂತಗಳಿಲ್ಲದೆ ನಯವಾಗಿ ಸಾಗುವ ಆಟೊಮ್ಯಾಟಿಕ್) ನನಗೆ ಹೆಚ್ಚು ಸಮಾಧಾನ.

ಸುರಕ್ಷತೆಯನ್ನು ನೀವು ಕೇಳಿಲ್ಲ, ನಾನು ಬಿಡಲಾರೆ. 2020ರಲ್ಲಿ ಅಪಘಾತದಲ್ಲಿ ಕಾರು ಎಷ್ಟು ಕಾಪಾಡುತ್ತದೆ ಎಂದು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆಲ್ಟ್ರೋಜ್ 5 ಸ್ಟಾರ್ ಪಡೆಯಿತು. ಈ ವಿಭಾಗದಲ್ಲಿ ಆ ಕಾರಿನ ದೊಡ್ಡ ಹೆಗ್ಗಳಿಕೆ ಅದೇ. ಯಾವ ಕಾರು ಕೊಂಡರೂ ಹಿಂದಿನವರೂ ಬೆಲ್ಟ್ ಹಾಕಲಿ, ಮಗಳಿಗೆ ಬೂಸ್ಟರ್ ಸೀಟು ಇರಲಿ.

ಅಂದದ ಬಗ್ಗೆ ಮಾತಾಡುವವರು ಕಾರನ್ನು ಹೊರಗಿನಿಂದ ನೋಡುತ್ತಾರೆ. ಆಲ್ಟ್ರೋಜ್‌ನ ಕಿಟಕಿಯ ಗೆರೆ ಹಿಂದಕ್ಕೆ ಹೋದಂತೆ ಮೇಲೇರುತ್ತದೆ. ಹಿಂದಿನ ಬಾಗಿಲಿನ ಹಿಡಿ ಕಿಟಕಿಯ ಪಕ್ಕದ ಕಂಬದಲ್ಲಿ ಅಡಗಿದೆ. ನೋಡಲು ಬಹಳ ಚೆಂದ, ಆ ವಿನ್ಯಾಸವನ್ನು ನಾನೂ ಮೆಚ್ಚುತ್ತೇನೆ. ಆದರೆ ಏಳು ವರ್ಷದ ಮಗುವಿಗೆ ಆ ಹಿಡಿ ಎತ್ತರ, ಒಳಗೆ ಕುಳಿತರೆ ಹೊರಗಿನ ದೃಶ್ಯ ಕಡಿಮೆ. ವಾಕರಿಕೆಯ ಮಾತು ಇಲ್ಲಿ ಮತ್ತೆ ಬರುತ್ತದೆ: ದೂರದ ಬೆಟ್ಟ ಕಣ್ಣಿಗೆ ಕಂಡರೆ ಹೊಟ್ಟೆ ಸುಮ್ಮನಿರುತ್ತದೆ. ಇನ್ನೊಂದು ಕಡೆ, ಆಲ್ಟ್ರೋಜ್‌ನ ಬಾಗಿಲು 90 ಡಿಗ್ರಿಯವರೆಗೆ ತೆರೆಯುತ್ತದೆ, ನಿಮ್ಮ ತಂದೆಗೆ ಹತ್ತಿ ಇಳಿಯಲು ಅದು ನಿಜವಾದ ಉಪಕಾರ. ಬಣ್ಣ, ಗ್ರಿಲ್, ದೀಪಗಳಿಗೆ ನಾನು ಕೊಡುವ ತೂಕ ಇಷ್ಟೇ: ಎರಡು ಕಾರು ಸರಿಸಮ ಎನಿಸಿದಾಗ ಚೆಂದ ಕಂಡದ್ದನ್ನು ತನ್ನಿ.

ನಿಮ್ಮ ಜಾಗದಲ್ಲಿದ್ದರೆ ನಾನು ಬಲೆನೊ ಮ್ಯಾನ್ಯುಯಲ್ ಕೊಳ್ಳುತ್ತಿದ್ದೆ. ಟೊಯೊಟಾ ಗ್ಲಾಂಝಾ ಕೂಡ ಅದೇ ಕಾರು, ಪುತ್ತೂರಿನ ಕಡೆ ಯಾರ ಸರ್ವಿಸ್ ಚೆನ್ನಾಗಿದೆ ಎಂದು ವಿಚಾರಿಸಿ ಆರಿಸಿ. ಮೊದಲ ಟೈರುಗಳು ಸವೆದಾಗ ಮಳೆಯಲ್ಲಿ ಚೆನ್ನಾಗಿ ಹಿಡಿಯುವ ಒಳ್ಳೆಯ ಟೈರು ಹಾಕಿಸಿ, ಓಡಿಸುವ ಸುಖ ಎಷ್ಟು ಹೆಚ್ಚುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆಯ ಬದಲು ಪ್ರತಿ ವಾರ ಘಾಟಿ ಇಳಿಯುವವರಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು: 200 ನ್ಯೂಟನ್ ಮೀಟರ್ ಟಾರ್ಕ್‌ನ ಆಲ್ಟ್ರೋಜ್ ಡೀಸೆಲ್. ಪೇಟೆಯ ಗಿಡ್ಡ ಓಡಾಟಕ್ಕೆ ಬಿಎಸ್6 (ಈಗಿನ ಮಾಲಿನ್ಯ ನಿಯಮದ) ಡೀಸೆಲ್ ಬೇಡ, ಹೊಗೆಯ ಫಿಲ್ಟರ್ ಶುದ್ಧವಾಗಲು ಆಗಾಗ ಹೆದ್ದಾರಿಯ ಓಟ ಬೇಕು. ಎನ್ ಲೈನ್ ಕಡೆಗೇ ಮನಸ್ಸು ಎಳೆದರೆ ಎಕ್ಸ್-ಶೋರೂಂ ಬೆಲೆಯ ಮೇಲೆ ಕಣ್ಣಿಡಿ, ಹತ್ತು ಲಕ್ಷ ದಾಟಿದರೆ ಕರ್ನಾಟಕದಲ್ಲಿ ರಸ್ತೆ ತೆರಿಗೆ ಶೇ 14ರಿಂದ ಶೇ 17ಕ್ಕೆ ಏರುತ್ತದೆ.

ಟೆಸ್ಟ್ ಡ್ರೈವ್‌ಗೆ ನಾಲ್ವರೂ ಹೋಗಿ. ಶೋರೂಮಿನವರು ತೋರಿಸುವ ನುಣುಪಾದ ರಸ್ತೆ ಬಿಟ್ಟು ನಿಮ್ಮ ಬಡಾವಣೆಯ ಉಬ್ಬು, ಗುಂಡಿಗಳ ಮೇಲೆ ಓಡಿಸಿ. ಅರ್ಧ ದಾರಿಯಲ್ಲಿ ಸ್ಟೀರಿಂಗನ್ನು ಪತ್ನಿಗೆ ಕೊಟ್ಟು ನೀವು ಹಿಂದೆ, ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿ.