ಓದುಗರ ಪ್ರಶ್ನೆ: ದಡ ಸೇರಿದ ಕ್ರಿಯಾಪದ

ಪ್ರಶ್ನೆ: ಹಡಗಿನ ಕೆಲಸಕ್ಕೆಂದು ಮಗ ಇಟಾಲಿಯನ್ ಕಲಿಯುತ್ತಿದ್ದಾನೆ. ‘ಅರ್ರಿವಾರೆ’ ಅಂದರೆ ಬರು, ತಲುಪು ಎಂದು ಪುಸ್ತಕದಲ್ಲಿದೆ. ಹೊರಡುವಾಗ ಹೇಳುವ ‘ಅರ್ರಿವೆದೇರ್ಚಿ’ ಇದರಿಂದಲೇ ಬಂದದ್ದೇ? ‘ಓ ಅರ್ರಿವಾತೊ’ ಎಂದು ಬರೆದರೆ ತಪ್ಪೇಕೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಅಲ್ಲ, ಎರಡಕ್ಕೂ ನಂಟಿಲ್ಲ. ವೆದೇರೆ ಅಂದರೆ ನೋಡು, ರಿವೆದೇರೆ ಅಂದರೆ ಮತ್ತೆ ನೋಡು. ಮುಂದೆ ‘ಆ’, ಹಿಂದೆ ‘ಚಿ’ ಸೇರಿ ಅರ್ರಿವೆದೇರ್ಚಿ ಆಯಿತು. ನಮ್ಮ ‘ಮತ್ತೆ ಸಿಗೋಣ’ ಇದ್ದಂತೆ.

ಅರ್ರಿವಾರೆಯ ಬೇರು ನಿಮ್ಮೂರಿನವರಿಗೆ ಹಿಡಿಸುವಂಥದ್ದು. ಲ್ಯಾಟಿನ್ನಿನಲ್ಲಿ ‘ರೀಪಾ’ ಅಂದರೆ ದಡ, ‘ಅದ್’ ಅಂದರೆ ಕಡೆಗೆ. ಆಡುಮಾತಿನ ಲ್ಯಾಟಿನ್ನಿನಲ್ಲಿ ಇವು ಕೂಡಿ ‘ದಡ ಸೇರು’ ಎಂಬ ಪದವಾಯಿತು. ಬೈತಖೋಲಿನಲ್ಲಿ ದೋಣಿ ದಡಕ್ಕೆ ಬಂತು ಅನ್ನುತ್ತೇವಲ್ಲ, ಮೂಲದ ಅರ್ಥ ಅಷ್ಟೇ. ರೈಲಿಗೂ ಕಾಗದಕ್ಕೂ ಅದು ಹರಡಿದ್ದು ಆಮೇಲೆ. ಪಕಾರ ವಕಾರವಾದದ್ದು ಕನ್ನಡಿಗರಿಗೆ ಹೊಸದೇನಲ್ಲ: ಬೆಮರ್ + ಪನಿ ಬೆಮರ್ವನಿ ಆಗುತ್ತದೆ. ದಡಕ್ಕೆ ಇಟಾಲಿಯನ್ನಿನಲ್ಲಿ ಇಂದಿಗೂ ‘ರೀವಾ’ ಎಂಬ ಮಾತಿದೆ. ಗೋವೆಯನ್ನಾಳಿದ ಪೋರ್ಚುಗೀಸರ ‘ಶೆಗಾರ್’ (ತಲುಪು) ಮಾತ್ರ ‘ಮಡಿಸು’ ಎಂಬರ್ಥದ ಲ್ಯಾಟಿನ್ ಪ್ಲಿಕಾರೆಯಿಂದ ಬಂದದ್ದು. ದಡ ಮುಟ್ಟಿದಾಗ ಹಾಯಿ ಮಡಿಸುವುದರಿಂದ ಆ ಅರ್ಥ ಹುಟ್ಟಿತೆಂದು ವಿವರಿಸುವುದುಂಟು.

ಇನ್ನು ತಪ್ಪಿನ ಮಾತು. ಇಂಗ್ಲಿಷಿನ ‘ಐ ಹ್ಯಾವ್ ಅರೈವ್ಡ್’ ತಲೆಯಲ್ಲಿದ್ದರೆ ‘ಐ ಹ್ಯಾವ್’ಗೆ ಸಾಟಿಯಾದ ‘ಓ’ ಬಂದುಬಿಡುತ್ತದೆ. ಇಲ್ಲಿ ಬೇಕಾದದ್ದು ‘ಆಗಿರು’ ಎಂಬ ಎಸ್ಸೆರೆಯ ರೂಪ: ಗಂಡಸು ‘ಸೋನೊ ಅರ್ರಿವಾತೊ’, ಹೆಂಗಸು ‘ಸೋನೊ ಅರ್ರಿವಾತಾ’. ನಾವು ಯಾರೇ ಆದರೂ ‘ಬಂದೆ’ ಅನ್ನುತ್ತೇವೆ. ಅಲ್ಲಿ ನಾನು ಎನ್ನುವಾಗಲೂ ಲಿಂಗ ನೋಡಬೇಕು. ಗುಂಪಾದರೆ ‘ಸಿಯಾಮೊ ಅರ್ರಿವಾತಿ’, ಬರೀ ಹೆಂಗಸರಿದ್ದರೆ ‘ಅರ್ರಿವಾತೆ’. ಒಬ್ಬ ಗಂಡಸು ಸೇರಿದರೂ ಮತ್ತೆ ‘ತಿ’.

ಯಾರಾದರೂ ಕರೆದಾಗ ಒಳಗಿನಿಂದ ‘ಬಂದೆ!’ ಎಂದು ಕೂಗುವಲ್ಲಿ ಅವರು ವರ್ತಮಾನಕಾಲದ ‘ಅರ್ರೀವೊ!’ ಅನ್ನುತ್ತಾರೆ. ‘ನೊನ್ ಚಿ ಅರ್ರೀವೊ’ ಅಂದರೆ ಕೈಗೆ ಎಟುಕುತ್ತಿಲ್ಲ. ಲೆಕ್ಕ ಬಿಡಿಸುತ್ತ ಕೂತವರು ಹಾಗಂದರೆ ತಲೆಗೆ ಹೋಗುತ್ತಿಲ್ಲ ಎಂದರ್ಥ. ಸಂಬಳದಲ್ಲಿ ತಿಂಗಳ ಕೊನೆ ಮುಟ್ಟುವುದಕ್ಕೂ ಇದೇ ಕ್ರಿಯಾಪದ: ‘ಅರ್ರಿವಾರೆ ಆ ಫೀನೆ ಮೇಸೆ’.

ಪ್ರಶ್ನೆ: ‘ರೋಮಿಗೆ ಬಂದೆ’, ‘ಇಟಲಿಗೆ ಬಂದೆ’ ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಅಲ್ಲಿ?
– ಓದುಗರು, ಶಿರಸಿ

ಉತ್ತರ: ಊರಿಗೆ ‘ಆ’, ದೇಶಕ್ಕೆ ‘ಇನ್’: ಆ ರೋಮಾ, ಇನ್ ಇತಾಲಿಯಾ. ಸ್ಟೇಷನ್ನಿಗಾದರೆ ‘ಅಲ್ಲಾ ಸ್ತತ್ಸಿಯೋನೆ’. ಊರಿನ ಹೆಸರಿಗೆ ಮೊದಲು ‘ದಾ’ ಹಾಕಿದರೆ ಅರ್ಥ ತಿರುಗಿ ‘ರೋಮಿನಿಂದ ಬಂದೆ’ ಎಂದಾಗುತ್ತದೆ.